ಕಟ್ಟೆಯ ಮೇಲಿನ ಒಮ್ಮತ

ಚಿದಾನಂದಪ್ಪ ತಮ್ಮನಿಗೆ ಫೋನು ಮಾಡುವುದೇ ಅಪರೂಪ. ಮಾಡಿದನೆಂದರೆ ಮದುವೆಯೋ ಸಾವೋ ಇರಬೇಕು. ಆವತ್ತು ಬೆಳಿಗ್ಗೆ ಬಳ್ಳಾರಿ ಕಂಟೋನ್ಮೆಂಟಿನ ಮನೆಯ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಪ್ರೊಫೆಸರ್ ವಿರೂಪಾಕ್ಷಿ, ಅಣ್ಣನ ಹೆಸರು ಕಂಡ ಕೂಡಲೇ ಯಾರು ಹೋದರಪ್ಪಾ ಅಂದುಕೊಂಡೇ ಫೋನೆತ್ತಿದ.

"ಯಾರೂ ಸತ್ತಿಲ್ಲಲೇ," ಅಂದ ಚಿದಾನಂದಪ್ಪ, ಕೇಳುವ ಮೊದಲೇ. "ಊರ ಮರ್ಯಾದಿ ಸಾಯಾಕತ್ತೈತಿ ಅಷ್ಟ. ನಿನ್ನ ಶಿಷ್ಯಾಳು ಅದಾಳಲ್ಲ, ಸುಂಕಪ್ಪನ ಮಗಳು ಅನಿತಾ, ಆಕಿ ನಾಮಿನೇಷನ್ ಹಾಕ್ಯಾಳ."

"ಪಂಚಾಯ್ತಿಗಾ?"

"ಮತ್ತೇನು ದಿಲ್ಲಿಗಾ? ನಮ್ಮ ಮನಿ ಕೆಲಸದ ಸತ್ಯಮ್ಮನ ಹೆಸರು ಹೇಳಿ ಎಲ್ಲಾ ಮುಗಿಸಿದ್ವಿ. ಈಕಿ ಸಿರುಗುಪ್ಪದಾಗ ಯಾವನೋ ವಕೀಲನ್ನ ಕೇಳ್ಕೊಂಡು ಬಂದು ಕಾಗದ ಕೊಟ್ಟು ಹೋಗ್ಯಾಳ. ನಾಳಿ ಮಧ್ಯಾಹ್ನದ ತನಕ ವಾಪಸ್ ತಗಳಾಕ ಟೈಮ್ ಐತಿ. ಇವತ್ತು ಸಂಜಿಗೆ ಕಟ್ಟಿಗೆ ಕುಂದ್ರತೀವಿ. ನೀನು ಬಾ. ನನ್ನ ಮಾತು ಆಕಿ ಕೇಳಂಗಿಲ್ಲ, ನಿನ್ನ ಮಾತು ಮೀರಂಗಿಲ್ಲ."

ಫೋನಿಟ್ಟ ಮೇಲೂ ವಿರೂಪಾಕ್ಷಿ ಬಹಳ ಹೊತ್ತು ಪೇಪರಿನ ಅದೇ ಪುಟ ನೋಡುತ್ತ ಕೂತಿದ್ದ.

ಅವರ ಊರು ಕೊಂಡೆಹಾಳು. ಸಿರುಗುಪ್ಪ ತಾಲ್ಲೂಕಿನಲ್ಲಿ ಕರೂರು ದಾಟಿ ಕಾಲುವೆ ದಂಡೆ ಹಿಡಿದು ಹೋದರೆ ಸಿಗುತ್ತದೆ. ಎತ್ತ ನೋಡಿದರೂ ನೆಲ್ಲು. ಆ ಊರಲ್ಲಿ ಎಮ್ಮೆಲ್ಲೆಗೆ ಓಟು ನಡೆದಿದೆ, ಎಂಪಿಗೆ ನಡೆದಿದೆ, ಪಂಚಾಯ್ತಿಗೆ ಮಾತ್ರ ಯಾರ ನೆನಪಿನಲ್ಲೂ ನಡೆದಿಲ್ಲ. ಚುನಾವಣೆ ಬಂತೆಂದರೆ ಗೌಡರ ಮನೆಯವರು ಬೇವಿನ ಮರದ ಕಟ್ಟೆಯ ಹತ್ತಿರ ಊರನ್ನು ಕೂಡಿಸುತ್ತಾರೆ. ಹಿಂದೆ ವಿರೂಪಾಕ್ಷಿಯ ಅಪ್ಪ ಕೂಡಿಸುತ್ತಿದ್ದ, ಈಗ ಅಣ್ಣ. ಗೌಡ ಒಂದು ಹೆಸರು ಹೇಳುತ್ತಾನೆ. ಆಮೇಲೆ ಅವರ ಮನೆಯ ಆಳು ಜೋಗಪ್ಪ ವೀಳ್ಯದೆಲೆಯ ತಟ್ಟೆ ತರುತ್ತಾನೆ. ಮೊದಲು ಕಟ್ಟೆಯ ಮೇಲೆ ಕೂತವರಿಗೆ. ಅವರು ಎಲೆ ಹಿಡಿದರೆ ಕೆಳಗಿನವರಿಗೆ. ಕೆಳಗಿನ ಕೇರಿಯವರಿಗೆ ಕೈಗೆ ಕೊಡುವ ಪದ್ಧತಿ ಇಲ್ಲ. ಕಟ್ಟೆಯ ಅಂಚಿಗೆ ಇಡುತ್ತಾನೆ, ಅವರು ಬಂದು ಎತ್ತಿಕೊಳ್ಳುತ್ತಾರೆ. ಮನೆಗೊಬ್ಬರು ಎಲೆ ಹಿಡಿದರೆ ಊರು ಒಪ್ಪಿತು ಎಂದರ್ಥ. ಒಪ್ಪಿದ ಮೇಲೆ ಇನ್ನೊಬ್ಬರು ನಾಮಿನೇಷನ್ ಹಾಕುವ ಮಾತೇ ಇಲ್ಲ. ಒಂದೇ ಹೆಸರು, ಅವಿರೋಧ ಆಯ್ಕೆ, ಪಟಾಕಿ.

ವಿರೂಪಾಕ್ಷಿ ದೊಡ್ಡ ಮನುಷ್ಯನಾದದ್ದು ಈ ಎಲೆಯಿಂದಲೇ.

ಅವನು ಧಾರವಾಡದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಕಾಲಕ್ಕೆ ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಮಾಡಿಕೊಟ್ಟ ತಿದ್ದುಪಡಿ ಹೊಸದಾಗಿ ಬಂದಿತ್ತು. ಜೊತೆಯವರೆಲ್ಲ ಕಾನೂನಿನ ಕಲಮುಗಳನ್ನು ಹಿಡಿದು ಜಗ್ಗಾಡುತ್ತಿದ್ದರೆ ಇವನು ಊರಿಗೆ ಬಂದು ಕಟ್ಟೆಯ ಮೇಲೆ ಕೂತು ನೋಡಿದ. ನೋಡಿದ್ದನ್ನು ಬರೆದ. ಸಾಹೇಬರು ಕಲಿಸಿದ ಓಟು ಊರನ್ನು ಎರಡು ಮಾಡುತ್ತದೆ, ನಮ್ಮ ಎಲೆ ಊರನ್ನು ಒಂದು ಮಾಡುತ್ತದೆ. ಪ್ರಜಾಪ್ರಭುತ್ವ ಅನ್ನುವುದು ಇಲ್ಲಿ ಬೇರೆ ರೂಪದಲ್ಲಿ ಮೊದಲೇ ಇತ್ತು. ಹೊಸ ಕಾನೂನು ಅದನ್ನು ಕೆಡಿಸಬಾರದು. ಈ ಮಾತು ಜನಕ್ಕೆ ಬಹಳ ರುಚಿಸಿತು. ಪುಸ್ತಕವಾಯಿತು. ನೆರೆಯ ದೇಶದಲ್ಲಿ ಹೊಸ ಸಂವಿಧಾನ ಬರೆಯಲು ಕೂತವರ ಮುಂದೆ ಹೋಗಿ ಹೇಳಿಬಂದ. ಹಿಮ ಬೀಳುವ ಊರುಗಳ ಸೆಮಿನಾರುಗಳಲ್ಲಿ ಕೋಟು ತೊಟ್ಟು ಕೊಂಡೆಹಾಳಿನ ಕಟ್ಟೆಯ ಫೋಟೋ ತೋರಿಸಿದ. ಅವನು ಎಲ್ಲೆಲ್ಲಿ ಹೋದನೋ ಕೊಂಡೆಹಾಳು ಅಲ್ಲಿಗೆಲ್ಲ ಹೋಯಿತು, ಕೊಂಡೆಹಾಳಿನವರು ಮಾತ್ರ ಸಿರುಗುಪ್ಪ ಸಂತೆ ದಾಟಿ ಎಲ್ಲಿಗೂ ಹೋಗಲಿಲ್ಲ.

ಒಂದು ಸಲ, ಇನ್ನೂ ಬರೆಯುತ್ತಿದ್ದ ದಿನಗಳಲ್ಲಿ, ಅವನು ಅಪ್ಪನನ್ನು ಕೇಳಿದ್ದುಂಟು: "ಬ್ಯಾಡ ಅನ್ನೋರು ಏನ್ ಮಾಡತಾರಪ್ಪಾ?" ಅಪ್ಪ ನಕ್ಕು, "ಬ್ಯಾಡ ಅನ್ನೋರು ಯಾಕ ಅಂತಾರ?" ಅಂದಿದ್ದ. ಅದು ಉತ್ತರವಲ್ಲ ಎಂದು ವಿರೂಪಾಕ್ಷಿಗೆ ಆಗಲೇ ಗೊತ್ತಿತ್ತು. ಆದರೆ ಉತ್ತರ ಹುಡುಕಿದ್ದರೆ ಪುಸ್ತಕ ಆಗುತ್ತಿರಲಿಲ್ಲ.

ಈಗ ನಿವೃತ್ತಿ ಹತ್ತಿರ ಬಂದಿತ್ತು. ಪಂಚಾಯ್ತಿ ಕಾನೂನು ತಿದ್ದಲು ಸರ್ಕಾರ ಒಂದು ಸಮಿತಿ ಮಾಡುವುದಿತ್ತು, ಅದಕ್ಕೆ ಇವನೇ ಅಧ್ಯಕ್ಷ ಎಂದು ಬೆಂಗಳೂರಿನಿಂದ ಮಾತು ಬಂದಿತ್ತು. ಚುನಾವಣೆ ಮುಗಿಯುತ್ತಲೇ ಸಮಿತಿಯವರು ಮೊದಲು ನೋಡಬೇಕಾದ ಊರು ಕೊಂಡೆಹಾಳು ಎಂದು ತೀರ್ಮಾನವೂ ಆಗಿತ್ತು. ಅದೇ ಊರಲ್ಲಿ, ಅದೇ ವರ್ಷ, ಅವನದೇ ಶಿಷ್ಯೆ ಓಟು ನಡೆಸಿಬಿಟ್ಟರೆ?

"ಹೋಗಿ ಆ ಹುಡುಗಿ ಬಾಯಿ ಮುಚ್ಚಿಸಿ ಬರ್ತೀರಾ?" ಅಂದಳು ಹೆಂಡತಿ ವಿಜಯಲಕ್ಷ್ಮಿ, ಕಾರಿನ ಕೀಲಿ ಕೊಡುತ್ತ.

"ಮಾತಾಡಿ ಬರ್ತೀನಿ."

"ಅದ ಅದ. ನಿಮ್ಮ ಭಾಷಾದಾಗ ಅದಕ್ಕ ಮಾತಾಡಾದು ಅಂತಾರ."

ಅನಿತಾ ಕುರುಗೋಡಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠ ಹೇಳುತ್ತಲೇ ವಿರೂಪಾಕ್ಷಿಯ ಕೈಕೆಳಗೆ ಡಾಕ್ಟರೇಟಿಗೆ ಬರೆಯುತ್ತಿದ್ದಳು. ಕೊಂಡೆಹಾಳಿನ ಕೆಳಗಿನ ಕೇರಿಯಿಂದ ಅಷ್ಟು ಓದಿದವಳು ಅವಳೊಬ್ಬಳೇ. ವಿರೂಪಾಕ್ಷಿ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿ ಫೋನು ಮಾಡಿದ. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತಳು.

"ನೀವು ಬರ್ತೀರಿ ಅಂತ ಗೊತ್ತಿತ್ರಿ ಸರ್. ಇಷ್ಟು ಲಗೂ ಬರ್ತೀರಿ ಅಂತ ಗೊತ್ತಿರ್ಲಿಲ್ಲ."

"ನಿನ್ನ ಪ್ರಬಂಧ ಮುಗಿಯಾಕ ಬಂದೈತಿ ಅನಿತಾ. ಈಗ ಇದೆಲ್ಲಾ ಬೇಕಾ?"

"ಪ್ರಬಂಧದ ಹೆಸರೇ 'ಗ್ರಾಮಮಟ್ಟದಲ್ಲಿ ಪ್ರಜಾಪ್ರಭುತ್ವದ ವಿಸ್ತರಣೆ' ಅಂತೈತಲ್ರಿ. ಹೆಸರು ನೀವ ಇಟ್ಟೀರಿ. ನಾನು ಒಂದೀಟು ವಿಸ್ತರಿಸೀನಿ."

ಅವನಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡ. ರಸ್ತೆಯ ಎರಡೂ ಬದಿ ಮೆಣಸಿನಕಾಯಿ ಹೊಲಗಳು ಹಿಂದಕ್ಕೆ ಸರಿದು, ನೀರಾವರಿಯ ಹಸಿರು ಶುರುವಾಗುತ್ತಿತ್ತು.

"ಗೆಲ್ಲತೀಯಾ?" ಅಂತ ಕೇಳಿದ.

"ಇಲ್ರಿ. ಸೋಲತೀನಿ. ಸತ್ಯಕ್ಕ ಗೌಡ್ರ ಮನ್ಯಾಗ ಮುಸುರಿ ತಿಕ್ಕತಾಳ, ಗೌಡ್ರು ಹೇಳಿದಲ್ಲಿ ಸಹಿ ಹಾಕತಾಳ. ಹೆಣ್ಣಾಳಿಗೆ ಮೀಸಲಾತಿ, ಗೌಡ್ರಿಗೆ ಅಧಿಕಾರ. ಆಕೀನ ಗೆಲ್ಲಾಕಿ."

"ಸೋಲಾದು ಗೊತ್ತಿದ್ದೂ ಯಾಕ?"

ಅನಿತಾ ಡಬ್ಬಿಯ ಹಿಡಿಕೆಯನ್ನು ತಿರುವಿದಳು.

"ನಮ್ಮವ್ವ ದೊಡ್ಡಬಸಮ್ಮ ದಿಲ್ಲಿಗೆ ಓಟು ಹಾಕ್ಯಾಳ್ರಿ, ಬೆಂಗಳೂರಿಗೆ ಹಾಕ್ಯಾಳ. ನಮ್ಮೂರಿಗೆ ಹಾಕಿಲ್ಲ. ಒಂದು ಸಲ ಹಾಕ್ಲಿ ಅಂತ. ಬೇಕಾದ್ರ ಸತ್ಯಕ್ಕಗ ಹಾಕ್ಲಿ. ಆದ್ರ ಬೂತಿನಾಗ ಆ ರಟ್ಟಿನ ಮರೆ ಹಿಂದ ಒಬ್ಬಾಕೀನ ನಿಂತು ಹಾಕ್ಲಿ. ಅಲ್ಲಿ ಯಾರೂ ನೋಡಂಗಿಲ್ಲಲ್ರಿ ಸರ್. ಕಟ್ಟಿ ಮುಂದ ಎಲ್ರೂ ನೋಡತಿರ್ತಾರ."

ವಿರೂಪಾಕ್ಷಿ ಇಷ್ಟು ವರ್ಷ ಸಂವಿಧಾನ ಓದಿದವನು. ಗುಪ್ತ ಮತದಾನದ ಬಗ್ಗೆ ಅವನೇ ಪಾಠ ಮಾಡಿದ್ದ, ಪರೀಕ್ಷೆಗೆ ಪ್ರಶ್ನೆ ಕೊಟ್ಟಿದ್ದ. ಅದು ಯಾರಿಗಾದರೂ ಇಷ್ಟು ಬೇಕಾದ ವಸ್ತು ಎಂದು ಅವನಿಗೆ ಅನಿಸಿದ್ದು ಆವತ್ತೇ.

ಸಿರುಗುಪ್ಪದಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಒಗ್ಗಾಣಿ, ಮಿರ್ಚಿ ತಿನ್ನಲು ಕೂತರು. ತಟ್ಟೆ ಬಂದ ಮೇಲೆ ಅವನು ಹೇಳಿದ: "ಓಟು ನಡೀಲಿ. ನಾನ ಹೇಳತೀನಿ ಇವತ್ತು, ಎಲ್ರ ಮುಂದ."

ಅನಿತಾಳ ಕೈ ತಟ್ಟೆಯ ಮೇಲೇ ನಿಂತಿತು. "ಖರೇನ್ರಿ?"

"ಖರೇ."

"ಮತ್ತ ನಿಮ್ಮ ಸಮಿತಿ? ನಿಮ್ಮ ಪುಸ್ತಕ?"

"ಪುಸ್ತಕ ಹಳೇದಾತು ಬಿಡು."

ಅವಳು ತನ್ನ ಪಾಲಿನ ಮಿರ್ಚಿಯನ್ನೆತ್ತಿ ಗುರುವಿನ ತಟ್ಟೆಗೆ ಹಾಕಿದಳು. "ತಿನ್ರಿ ಸರ್. ಮಾತಾಡಾಕ ಖಾರ ಬೇಕು." ವಿರೂಪಾಕ್ಷಿಗೆ ಎಷ್ಟೋ ವರ್ಷಗಳ ನಂತರ ಎದೆ ಹಗುರಾದಂತಾಯಿತು. ಸಮಿತಿ ಹೋದರೆ ಹೋಗಲಿ, ಕೊನೆಗಾಲಕ್ಕೆ ಒಂದು ನೆಟ್ಟನೆಯ ಮಾತು ಆಡಿದಂತಾಗುತ್ತದೆ ಅಂದುಕೊಂಡ. ಅಂದುಕೊಳ್ಳುವಾಗ ಅವನು ಸುಳ್ಳನಾಗಿರಲಿಲ್ಲ. ಅದನ್ನು ಹೇಳಲೇಬೇಕು.

ಹೊತ್ತು ಇಳಿಯುವಾಗ ಕಟ್ಟೆಯ ಸುತ್ತ ಊರು ಕೂಡಿತ್ತು. ಅನಿತಾ ಕಾರಿಳಿದವಳೇ ಅಪ್ಪ ಸುಂಕಪ್ಪ, ಅವ್ವ ದೊಡ್ಡಬಸಮ್ಮ ಕೂತಲ್ಲಿ ಹೋಗಿ ನೆಲದ ಮೇಲೆ ಕೂತಳು. ವಿರೂಪಾಕ್ಷಿಗೆ ಕಟ್ಟೆಯ ಮೇಲೆ ಅಣ್ಣನ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವನು ಹತ್ತಿ ಕೂತ. ಬೇರೆಲ್ಲಾದರೂ ಕೂರಬಹುದು ಎನ್ನುವುದು ಅವನ ತಲೆಗೇ ಬರಲಿಲ್ಲ.

ಚಿದಾನಂದಪ್ಪ ಖುಷಿಯಲ್ಲಿದ್ದ. ಖುಷಿಯಾದಾಗ ಅವನ ಮಾತು ತೆಲುಗಿಗೆ ಹೊರಳುತ್ತಿತ್ತು. "ಮನ ಪ್ರೊಫೆಸರ್ ವಚ್ಚಾಡು! ನಮ್ಮ ಪ್ರೊಫೆಸರ್ ಬಂದಾನ ನೋಡ್ರಪಾ, ನಮ್ಮೂರ ಎಲಿ ಏಳು ಸಮುದ್ರ ದಾಟಿಸಿದಾಂವ ಇಂವ. ಬಿಳೇ ಮಂದಿ ಇವನ ಮುಂದ ಕುಂತು ಬರ್ಕೊಂಡಾರ. ಕೊಂಡೆಹಾಳಿನವರ್ನ ನೋಡಿ ಕಲೀರಿ ಅಂತ ಇಂವ ಬರದಾನ. ಈಗ ನಮ್ಮ ಹುಡಿಗಿಗೆ ತಿಳೀವಲ್ದು, ಇಂವ ತಿಳಿಸಿ ಹೇಳ್ತಾನ."

ವಿರೂಪಾಕ್ಷಿ ಎದ್ದು ನಿಂತ. ಶುರುವಿನಲ್ಲಿ ಸೆಮಿನಾರಿನ ಮಾತೇ ಬಂತು. ಕಾಲ ಬದಲಾಗಿದೆ, ಒಮ್ಮತಕ್ಕೂ ಬೆಲೆಯಿದೆ, ಭಿನ್ನಮತಕ್ಕೂ ಬೆಲೆಯಿದೆ. ಹಿಂದಿನ ಸಾಲಿನಲ್ಲಿ ಯಾರೋ ಬೀಡಿ ಹಚ್ಚಿದರು. ಆಗ ಅನಿತಾಳ ಮುಖ ಕಂಡು ದನಿ ಗಟ್ಟಿ ಮಾಡಿಕೊಂಡ.

"ಸ್ಪಷ್ಟವಾಗಿ ಹೇಳತೀನಿ. ನಾನು ಬರದದ್ದು ತಪ್ಪಿತ್ತು. ಒಬ್ಬಾಕಿ ನಿಲ್ಲತೀನಿ ಅಂದ್ರ ಆಕಿಗೆ ನಿಲ್ಲೋ ಹಕ್ಕು ಐತಿ. ಓಟು ಹಾಕೋ ಹಕ್ಕು ನಿಮಗೈತಿ. ಯಾರಿಗೆ ಹಾಕಿದ್ರಿ ಅಂತ ಯಾರಿಗೂ ಹೇಳಬೇಕಾಗಿಲ್ಲ, ನಮ್ಮಣ್ಣಗೂ. ಈ ಸಲ ಓಟು ನಡೀಲಿ."

ಗದ್ದಲವಾಗಬಹುದು ಎಂದು ಅವನು ಎಣಿಸಿದ್ದ. ಅಣ್ಣ ಸಿಟ್ಟಾಗಬಹುದು, ಯಾರಾದರೂ ಎದ್ದು ಬೈಯಬಹುದು, ಕೇರಿಯವರು ಚಪ್ಪಾಳೆ ತಟ್ಟಬಹುದು. ಏನೂ ಆಗಲಿಲ್ಲ. ಜನ ಅವನ ಮುಖ ನೋಡಿದರು, ಆಮೇಲೆ ಚಿದಾನಂದಪ್ಪನ ಮುಖ ನೋಡಿದರು. ದೊಡ್ಡಬಸಮ್ಮ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದಳು.

ಚಿದಾನಂದಪ್ಪ ತಮ್ಮನ ಬೆನ್ನ ಮೇಲೆ ಕೈಯಿಟ್ಟ. "ಚಲೋ ಮಾತು ಹೇಳಿದಿ. ಓದಿದಾಂವ ಓದಿದಾಂಗ ಮಾತಾಡಬೇಕು. ಊರಾಗ ಎರಡು ಮಾತು ಬಂದಾವು. ಓಟು ನಡೀಲಿ ಅಂತ ನನ್ನ ತಮ್ಮ ಅಂತಾನ, ಸತ್ಯಮ್ಮ ಸಾಕು ಅಂತ ಹಿರೇರು ಅಂತಾರ. ನಾನು ಯಾರ ಹೇಳಾಕ? ಊರನ್ನ ಕೇಳೂಣು. ಸತ್ಯಮ್ಮ ಸಾಕು ಅನ್ನೋರು ಎಲಿ ಹಿಡೀರಿ. ಓಟು ಬೇಕು ಅನ್ನೋರು ಬಿಡ್ರಿ. ಜುಲುಮಿ ಏನಿಲ್ಲಪಾ. ಲೇ ಜೋಗಪ್ಪಾ, ತಟ್ಟಿ ತಾರಲೇ."

ಜೋಗಪ್ಪ ತಟ್ಟೆ ತಂದ. ಪದ್ಧತಿಯಂತೆ ಮೊದಲು ಕಟ್ಟೆಗೆ. ಕಟ್ಟೆಯಲ್ಲೂ ಮೊದಲು ಪರಸ್ಥಳದಿಂದ ಬಂದ ಮರ್ಯಾದಸ್ಥರಿಗೆ, ಅಂದರೆ ವಿರೂಪಾಕ್ಷಿಗೆ. ಚಿದಾನಂದಪ್ಪ ಜೋಗಪ್ಪನ ತಟ್ಟೆಯಿಂದ ತಾನೇ ಜೋಡಿ ಎಲೆ ತೆಗೆದು, ಮೇಲೊಂದು ಅಡಿಕೆ ಇಟ್ಟು, ಎರಡೂ ಕೈಯಲ್ಲಿ ತಮ್ಮನ ಮುಂದೆ ಹಿಡಿದ. ಇವನ ಓದಿಗಾಗಿ ಹೊಲ ನೋಡಿಕೊಂಡವನು, ಅಪ್ಪ ಸತ್ತ ಮೇಲೆ ಅಪ್ಪನ ಜಾಗದಲ್ಲಿ ನಿಂತವನು. ಇವನಿಗಿಂತ ಹತ್ತು ವರ್ಷ ದೊಡ್ಡವನು. ಹಿರಿಯಣ್ಣ ಊರೆದುರು ಎರಡೂ ಕೈಯಲ್ಲಿ ಹಿಡಿದ ಎಲೆಯನ್ನು ಬೇಡ ಅನ್ನುವುದು ಆ ಮನೆಯಲ್ಲಿ ಹುಟ್ಟಿದವರಿಗೆ ಬರುವುದಿಲ್ಲ. ಉಂಡ ಅನ್ನವನ್ನು ಉಗುಳಿದಂತೆ ಅದು. ಮಾತು ಆಡಿಯಾಗಿದೆಯಲ್ಲ, ಎಲ್ಲರೂ ಕೇಳಿದ್ದಾರಲ್ಲ, ಇದು ಅಣ್ಣನಿಗೆ ಕೊಡುವ ಮರ್ಯಾದೆ ಅಷ್ಟೇ, ಎಂದು ಮನಸ್ಸು ಒಂದು ಉಸಿರಿನಲ್ಲಿ ಹೇಳಿತು. ಕೈ ಮನಸ್ಸಿಗಿಂತ ಮೊದಲೇ ಮುಂದೆ ಹೋಗಿತ್ತು.

ವಿರೂಪಾಕ್ಷಿ ಎಲೆ ಹಿಡಿದ.

ಅಲ್ಲಿಗೆ ಮುಗಿಯಿತು. ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಹಿಡಿದರು. ಕೆಳಗಿನವರಿಗೆ ಇನ್ನು ಅನುಮಾನ ಉಳಿದಿರಲಿಲ್ಲ. ಓಟು ಬೇಕು ಅಂದವನೇ ಎಲೆ ಹಿಡಿದ ಮೇಲೆ ಓಟು ಬೇಕಾದವರು ಯಾರು? ಜೋಗಪ್ಪ ಅಂಚಿಗೆ ಎಲೆ ಇಡುತ್ತ ಹೋದ, ಕೇರಿಯವರು ಎದ್ದು ಬಂದು ಎತ್ತಿಕೊಳ್ಳುತ್ತ ಹೋದರು. ಸುಂಕಪ್ಪ ಏಳಲಿಲ್ಲ. ತಲೆ ಬಗ್ಗಿಸಿ ಕೂತೇ ಇದ್ದ. ಕೊನೆಗೆ ದೊಡ್ಡಬಸಮ್ಮ ಗಂಡನ ಭುಜ ಹಿಡಿದು ಮೇಲೆದ್ದು, ಮಗಳ ಕಡೆ ನೋಡದೆ, ಕಟ್ಟೆಯ ಹತ್ತಿರ ಬಂದು ತಮ್ಮ ಮನೆಯ ಪಾಲಿನ ಎಲೆ ಎತ್ತಿಕೊಂಡಳು.

ಅನಿತಾ ಎದ್ದು ನಿಂತಳು. ಜೋರಾಗಿ ಏನೂ ಅನ್ನಲಿಲ್ಲ. ಕ್ಲಾಸಿನಲ್ಲಿ ತಿಳಿಯದ್ದನ್ನು ಕೇಳುವ ದನಿಯಲ್ಲೇ ಕೇಳಿದಳು.

"ಸರ್, ನಾವು ನಿಮ್ಮ ಮಾತು ಕೇಳಬೇಕೋ, ಕೈ ನೋಡಬೇಕೋ?"

"ಅನಿತಾ, ಇದು... ಅಣ್ಣಗ ಮರ್ಯಾದಿಗೆ ಅಂತ..."

"ಅಂತೇ ಗದಾ, ಅಷ್ಟ ಮತ್ತ!" ಚಿದಾನಂದಪ್ಪ ತೊಡೆ ತಟ್ಟಿದ. "ಮರ್ಯಾದಿಗೇ ಅಲ್ಲೇನು ಎಲ್ರೂ ಹಿಡಿಯಾದು? ಏಳ್ರಿ, ಊಟಕ್ಕ ಏಳ್ರಿ."

ಒಬ್ಬರೂ ಬೈದದ್ದಿಲ್ಲ, ಬೆದರಿಸಿದ್ದಿಲ್ಲ. ಬೆದರಿಸಿದ್ದರೆ ಪೊಲೀಸರಿದ್ದರು, ಕಾನೂನಿತ್ತು, ಅನಿತಾಳಿಗೆ ಎಲ್ಲ ಕಲಮೂ ಬಾಯಿಪಾಠವಿತ್ತು. ಮರುದಿನ ಬೆಳಿಗ್ಗೆ ನಾಟಿ ಹಚ್ಚುವ ಹೆಣ್ಣಾಳುಗಳ ಗುಂಪು ದೊಡ್ಡಬಸಮ್ಮನ ಮನೆ ಮುಂದಿನಿಂದ ಮಾತಿಲ್ಲದೆ ಗೌಡರ ಹೊಲದ ಕಡೆ ಹೋಯಿತು. ದಿನಾ ಅವಳೇ ಆ ಗುಂಪಿನ ಮುಂದಾಳು. ಆವತ್ತು ಯಾರೂ ಕೂಗಲಿಲ್ಲ. ಅವಳು ಸೀರೆಯ ನೆರಿಗೆ ಮೇಲಕ್ಕೆ ಕಟ್ಟಿಕೊಂಡು ತಯಾರಾಗಿ ಹೊಸ್ತಿಲಲ್ಲಿ ನಿಂತಿದ್ದಳು, ಹಾಗೆಯೇ ನಿಂತಿದ್ದಳು. ಒಳಗಿನಿಂದ ಅನಿತಾ ಅದನ್ನು ನೋಡಿದಳು. ನೋಡಿ, ಮುಖ ತೊಳೆದುಕೊಂಡು, ಪಂಚಾಯ್ತಿ ಆಫೀಸಿಗೆ ನಡೆದಳು.

ವಿರೂಪಾಕ್ಷಿ ಅಲ್ಲೇ ಹೊರಗೆ ನಿಂತಿದ್ದ. ಬೆಳಿಗ್ಗೆಯೇ ಬಳ್ಳಾರಿಗೆ ಹೋಗಿಬಿಡಬೇಕೆಂದಿದ್ದರೂ ಹೋಗಲಾಗಿರಲಿಲ್ಲ. ಅವಳು ಒಳಗೆ ಹೋಗಿ ಹಿಂತೆಗೆಯುವ ಕಾಗದಕ್ಕೆ ಸಹಿ ಮಾಡಿ ಹೊರಗೆ ಬರುವಷ್ಟರಲ್ಲಿ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿಯಾಗಿತ್ತು. ಗುಲಾಲು ಹಚ್ಚಿಸಿಕೊಂಡ ಸತ್ಯಮ್ಮ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಚಿದಾನಂದಪ್ಪನ ಚಪ್ಪಲಿಯ ಕಡೆ ನೋಡುತ್ತಿದ್ದಳು.

"ನಾನು ಬಿಡತೀನಿ ನಡಿ, ಕುರುಗೋಡಿಗೆ," ಅಂದ ವಿರೂಪಾಕ್ಷಿ.

"ಬ್ಯಾಡ್ರಿ. ಬಸ್ಸೈತಿ."

"ಅನಿತಾ, ಪ್ರಬಂಧದ ಬಗ್ಗೆ ನೀನು ಚಿಂತಿ ಮಾಡಬ್ಯಾಡ. ಈ ತಿಂಗಳದಾಗ ನಾನು ಸಹಿ..."

"ಬ್ಯಾರೆ ಗೈಡ್ ಕೇಳೀನ್ರಿ ಸರ್. ಮುಂಜಾನೇನ ಮೇಲ್ ಕಳಿಸೀನಿ." ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಗೈಡ್ ಬದಲಾದ್ರ ನಾಕು ವರ್ಷದ ಕೆಲಸ ಹಿಂದಕ್ಕ ಹೋಗತೈತಿ ಅಂತಾರ. ಹೋಗ್ಲಿ."

ಕರೂರಿನ ಕಡೆ ಹೊರಟ ಬಸ್ಸು ಪಟಾಕಿಯ ಹೊಗೆಯಲ್ಲಿ ನಿಂತು, ಅವಳನ್ನು ಹತ್ತಿಸಿಕೊಂಡು ಹೋಯಿತು. ವಿರೂಪಾಕ್ಷಿಯ ಜೇಬಿನಲ್ಲಿ ಫೋನು ನಡುಗಿತು. ಬೆಂಗಳೂರಿನಿಂದ. ಕೊಂಡೆಹಾಳು ಈ ಸಲವೂ ಅವಿರೋಧವಂತೆ, ಆಗಲೇ ತಿಳಿಯಿತು, ಬಹಳ ಸಂತೋಷ ಪ್ರೊಫೆಸರೇ, ಸಮಿತಿಯ ಆದೇಶ ಈ ವಾರದಲ್ಲಿ ಬರುತ್ತದೆ ಎಂದರು. ಧನ್ಯವಾದ ಅಂದ ಅವನು. ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಕಾರಿನ ಬಾಗಿಲು ತೆಗೆಯುವಾಗ ಹಿಂದಿನಿಂದ ಯಾರೋ ಓಡಿ ಬಂದದ್ದು ಕೇಳಿಸಿತು. ದೊಡ್ಡಬಸಮ್ಮ. ಹತ್ತಿರ ಬಾರದೆ ದೂರದಲ್ಲೇ ನಿಂತು ಏದುಸಿರು ಬಿಡುತ್ತ ಎರಡೂ ಕೈ ಮುಗಿದಳು.

"ಸಾವ್ಕಾರ್ರೇ, ನಮ್ಮ ಹುಡುಗಿದು ತಪ್ಪಾತ್ರಿ. ಓದಿ ತಲಿ ತಿರಿಗೇತಿ ಆಕಿಗೆ. ಊರ ಮಂದಿ ಮುಂದ ನಿಮಗ ಎದುರು ಮಾತಾಡಿದ್ಲು. ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮಣ್ಣಾರಿಗೂ ಒಂದ್ ಮಾತು ಹೇಳ್ರಿ, ನಾಳಿಂದ ನಾಟಿಗೆ ಕರೀಲಿ. ದೊಡ್ಡ ಮನಸು ಮಾಡ್ರಿ."

ತಪ್ಪು ನಿಮ್ಮದಲ್ಲಮ್ಮ ಎನ್ನುವ ಮಾತು ಅವನ ಬಾಯಿಗೆ ಬಂತು. ಪೂರಾ ಬಂತು. ಆದರೆ ಅಂದರೆ ಆಮೇಲೆ ಇನ್ನೂ ಏನೇನು ಅನ್ನಬೇಕಾಗುತ್ತದೋ. ಅವಳು ಕೈ ಇಳಿಸದೆ ಕಾಯುತ್ತಿದ್ದಳು. ಆಫೀಸಿನ ಮೆಟ್ಟಿಲ ಮೇಲಿಂದ ಅಣ್ಣ ನೋಡುತ್ತಿದ್ದ.

"ಇರ್ಲಿ ಬಿಡಮ್ಮ," ಅಂದ ವಿರೂಪಾಕ್ಷಿ. "ಹುಡುಗರು. ನಾನೇನೂ ಮನಸಿನಾಗ ಇಟ್ಟಿಲ್ಲ."

ದೊಡ್ಡಬಸಮ್ಮನ ಮುಖ ಅರಳಿತು. ಅವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವನು ಅವರನ್ನೆಲ್ಲ ಕ್ಷಮಿಸಿ, ಕಾರು ಹತ್ತಿ ಬಳ್ಳಾರಿಗೆ ಹೋದ.